ಆಫೀಸ್ ಫೋನ್ ಸಾಕೆಟ್‌ನಿಂದ ಲ್ಯಾಪ್‌ಟಾಪ್‌ಗೆ ಡಯಲ್-ಅಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಡಯಲ್-ಅಪ್ ಅಂದರೆ ಲ್ಯಾಪ್‌ಟಾಪ್‌ನ ಮೋಡೆಮ್ ಫೋನ್ ಲೈನ್‌ನಲ್ಲಿ ಒಂದು ನಂಬರ್ ಡಯಲ್ ಮಾಡಿ, ಆಚೆ ಕಡೆಯ ಮೋಡೆಮ್ ಜೊತೆ ಸದ್ದಿನ ಮೂಲಕ ಡೇಟಾ ಕಳಿಸಿ ಪಡೆಯುವುದು. ಮನೆಯ ಫೋನ್ ಲೈನ್‌ನಲ್ಲಿ ಚೆನ್ನಾಗಿ ಕನೆಕ್ಟ್ ಆಗುವ ಲ್ಯಾಪ್‌ಟಾಪ್, ಆಫೀಸಿಗೆ ತಂದು ವೈರ್ ಸಿಕ್ಕಿಸಿದ ಕೂಡಲೇ 'ಡಯಲ್ ಟೋನ್ ಇಲ್ಲ' ಅನ್ನುತ್ತದೆ. ಆಗ ಎಲ್ಲರಿಗೂ ಮೊದಲು ಅನುಮಾನ ಬರುವುದು ಲ್ಯಾಪ್‌ಟಾಪ್ ಮೇಲೆ. ಡ್ರೈವರ್ ತೆಗೆದು ಮತ್ತೆ ಹಾಕುತ್ತಾರೆ. ವಿಂಡೋಸನ್ನೇ ಹೊಸದಾಗಿ ಹಾಕಿದವರೂ ಇದ್ದಾರೆ. ಆದರೆ ಇಂಥ ಕಡೆ ತೊಂದರೆ ಹೆಚ್ಚಾಗಿ ಇರುವುದು ಗೋಡೆಯ ಹಿಂದೆ, ಆಫೀಸಿನ ಇಪಿಎಬಿಎಕ್ಸ್ ಪೆಟ್ಟಿಗೆಯಲ್ಲಿ, ಅಂದರೆ ಒಳಗಿನ ಫೋನ್‌ಗಳನ್ನು ಹೊರಗಿನ ಲೈನ್‌ಗೆ ಜೋಡಿಸುವ ಆಫೀಸಿನದ್ದೇ ಸಣ್ಣ ಎಕ್ಸ್‌ಚೇಂಜ್‌ನಲ್ಲಿ. ಸಾಕೆಟ್‌ನಿಂದ ಹೊರಟ ವೈರ್ ಎಲ್ಲಿಗೆ ಹೋಗಿದೆ ಅಂತ ಮೊದಲು ತಿಳಿದುಕೊಳ್ಳಿ. ಸೆಟ್ಟಿಂಗ್ ಕೆದಕುವುದು ಆಮೇಲೆ.

ಇಲ್ಲಿ ಬರುವ ಮೆನು ಹೆಸರುಗಳು ವಿಂಡೋಸ್ ಎಕ್ಸ್‌ಪಿಯವು. ಬೇರೆ ವಿಂಡೋಸ್‌ಗಳಲ್ಲಿ ಹೆಸರು ಅಲ್ಪಸ್ವಲ್ಪ ಬದಲಾಗಬಹುದು, ಕೆಲಸ ಒಂದೇ.

ಈಗಲೂ ಡಯಲ್-ಅಪ್ ಯಾರಿಗೆ ಬೇಕು? ನಂಬರ್‌ಗಳು ಇನ್ನೂ ಇವೆಯಾ?

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಿಂದ, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಆಮೇಲೆ ಎಷ್ಟೋ ವರ್ಷ ಬಹಳ ಮಂದಿಗೆ ಇಂಟರ್ನೆಟ್ ಅಂದರೆ ಡಯಲ್-ಅಪ್ಪೇ ಆಗಿತ್ತು. ಈಗ ಆ ಕಾಲ ಹೋಗಿದೆ. ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಕೂಡ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್-ಅಪ್ ಸೇವೆ ನಿಲ್ಲಿಸಿತು.

ಆದರೂ ಬೇಕಾಗುತ್ತದೆ. ಹಳೆ ಇಪಿಎಬಿಎಕ್ಸ್‌ಗೆ ದೂರದಿಂದ ಪ್ರೋಗ್ರಾಮ್ ಮಾಡುವವರು, ಮೋಡೆಮ್ ಇರುವ ಡೇಟಾ ಲಾಗರ್‌ನಿಂದ (ಅಳತೆಗಳನ್ನು ತಾನೇ ದಾಖಲಿಸುವ ಯಂತ್ರದಿಂದ) ರೀಡಿಂಗ್ ತೆಗೆಯುವವರು, ಹಳೆ ಲ್ಯಾಪ್‌ಟಾಪನ್ನು ಪ್ರೀತಿಯಿಂದ ಜೀವಂತ ಇಟ್ಟುಕೊಂಡವರು ಈಗಲೂ ಡಯಲ್ ಮಾಡುತ್ತಾರೆ. ಆಚೆ ಕಡೆ ಇಂಟರ್ನೆಟ್ ಕಂಪನಿ ಇರಲಿ, ಇನ್ನೊಂದು ಮೋಡೆಮ್ ಇರಲಿ, ಈಚೆ ಕಡೆಯ ತಲೆನೋವು ಒಂದೇ.

ಯಾವುದಕ್ಕೂ ಕೈ ಹಾಕುವ ಮೊದಲು, ನೀವು ಡಯಲ್ ಮಾಡಬೇಕಾದ ನಂಬರ್‌ಗೆ ಸಾಧಾರಣ ಫೋನ್‌ನಿಂದ ಒಮ್ಮೆ ಕರೆ ಮಾಡಿ. ಆಚೆಯಿಂದ ಕೀರಲು ಶಿಳ್ಳೆಯಂಥ ಸದ್ದು ಬಂದರೆ ಅಲ್ಲೊಂದು ಮೋಡೆಮ್ ಜೀವಂತ ಇದೆ ಅಂತ ಅರ್ಥ. 'ಈ ನಂಬರ್ ಚಾಲ್ತಿಯಲ್ಲಿಲ್ಲ' ಅಂತ ಕೇಳಿಸಿದರೆ ಲ್ಯಾಪ್‌ಟಾಪ್ ಮುಟ್ಟುವ ಅಗತ್ಯವೇ ಇಲ್ಲ.

ಗೋಡೆಯ ಸಾಕೆಟ್‌ಗೆ ಸುಮ್ನೆ ವೈರ್ ಸಿಕ್ಕಿಸಿದರೆ ಸಾಕಲ್ವಾ?

ಸಾಲದು. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇದೇ.

ಲ್ಯಾಪ್‌ಟಾಪ್ ಮೋಡೆಮ್ ತಯಾರಾಗಿರುವುದು ಅನಲಾಗ್ ಲೈನ್‌ಗೆ, ಅಂದರೆ ಮನೆಗೆ ಬರುವಂಥ ತಾಮ್ರದ ಎರಡು ತಂತಿಯ ಲೈನ್‌ಗೆ. ಆಫೀಸ್ ಇಪಿಎಬಿಎಕ್ಸ್‌ನಲ್ಲಿ ಎರಡು ಬಗೆಯ ಪೋರ್ಟ್ ಇರುತ್ತವೆ. ಸಾಧಾರಣ ಫೋನ್ ಹಾಕುವುದು ಎಸ್‌ಎಲ್‌ಟಿ (ಸಿಂಗಲ್ ಲೈನ್ ಟೆಲಿಫೋನ್) ಪೋರ್ಟ್‌ಗೆ. ಡಿಸ್‌ಪ್ಲೇ, ಸಾಲು ಸಾಲು ಬಟನ್ ಇರುವ ದೊಡ್ಡ ಫೋನ್ ಹಾಕುವುದು ಡಿಕೆಪಿ (ಡಿಜಿಟಲ್ ಕೀ ಫೋನ್) ಪೋರ್ಟ್‌ಗೆ. ಈ ಎರಡನೆಯದು ಡಿಜಿಟಲ್. ಎರಡಕ್ಕೂ ಸಾಕೆಟ್ ನೋಡಲು ಒಂದೇ ಥರ, ವೈರ್ ಕೂಡ ಸಲೀಸಾಗಿ ಕೂರುತ್ತದೆ. ಆದರೆ ಡಿಜಿಟಲ್ ಪೋರ್ಟ್‌ನಲ್ಲಿ ಮೋಡೆಮ್ ಕಾಯುವ ಡಯಲ್ ಟೋನ್ ಇರುವುದೇ ಇಲ್ಲ. ಜೊತೆಗೆ ಕೆಲವು ಇಪಿಎಬಿಎಕ್ಸ್‌ಗಳು ಆ ಲೈನ್‌ನಲ್ಲಿ ಮೋಡೆಮ್ ತಾಳುವುದಕ್ಕಿಂತ ಜಾಸ್ತಿ ಕರೆಂಟ್ ಕೊಡುತ್ತವೆ. ಮೋಡೆಮ್ 'ಫೋನ್ ಎತ್ತಿದ' ಕ್ಷಣ ಅದರೊಳಗಿನ ಲೈನ್ ಸರ್ಕ್ಯೂಟ್ ಸುಟ್ಟುಹೋಗಬಹುದು. ಹೊಗೆ ಬರಲ್ಲ, ಸದ್ದೂ ಆಗಲ್ಲ. ಅಂದಿನಿಂದ ಆ ಲ್ಯಾಪ್‌ಟಾಪ್ ಯಾವ ಲೈನ್‌ಗೆ ಹಾಕಿದರೂ 'ಡಯಲ್ ಟೋನ್ ಇಲ್ಲ' ಅನ್ನುತ್ತದೆ, ಅಷ್ಟೆ.

ನನ್ನ ಟೇಬಲ್ ಹತ್ತಿರದ ಲೈನ್ ಅನಲಾಗೋ ಡಿಜಿಟಲ್ಲೋ ಅಂತ ಹೇಗೆ ಗೊತ್ತಾಗುತ್ತದೆ?

ಅಲ್ಲಿರುವ ಫೋನ್ ತಿರುಗಿಸಿ ಕೆಳಗಡೆ ನೋಡಿ. ಇಪಿಎಬಿಎಕ್ಸ್ ಕಂಪನಿಯದ್ದೇ ಹೆಸರು, ಡಿಸ್‌ಪ್ಲೇ, ಲೈನ್ ಆರಿಸುವ ಲೈಟ್ ಬಟನ್‌ಗಳು ಇದ್ದರೆ ಡಿಜಿಟಲ್ ಇರುವ ಸಾಧ್ಯತೆ ಜಾಸ್ತಿ. ಅಂಗಡಿಯಲ್ಲಿ ಸಿಗುವ ಸಾದಾ ಪುಶ್ ಬಟನ್ ಫೋನ್ ಆಗಿದ್ದು, ಅದರಲ್ಲೇ ದಿನಾ ಮಾತಾಡುತ್ತಿದ್ದರೆ ಅನಲಾಗ್.

ನೋಡಿ ಹೇಳಲು ಆಗದಿದ್ದರೆ, ಮನೆಯಿಂದ ಒಂದು ಸಾದಾ ಫೋನ್ ತಂದು ಅದೇ ಸಾಕೆಟ್‌ಗೆ ಹಾಕಿ. ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ತಯಾರಾದ ಹಳೆ ಗಟ್ಟಿ ಫೋನ್ ಮನೆಯ ಮೂಲೆಯಲ್ಲಿ ಇದ್ದರೆ ಅದೂ ಆದೀತು. ರಿಸೀವರ್ ಎತ್ತಿದಾಗ ಡಯಲ್ ಟೋನ್ ಕೇಳಿಸಿ, ಪಕ್ಕದ ಎಕ್ಸ್‌ಟೆನ್ಷನ್‌ಗೆ ಕರೆ ಹೋದರೆ ಅದು ಅನಲಾಗ್, ಮೋಡೆಮ್ ಹಾಕಬಹುದು. ತಿರುಗಿಸುವ ಡಯಲ್ ಇರುವ ಫೋನ್ ಆದರೆ ಟೋನ್ ಮಾತ್ರ ಕೇಳಿ ಸಾಕು, ಡಯಲ್ ತಿರುಗುವಾಗ ಕಳಿಸುವ ಟಕಟಕ ಪಲ್ಸನ್ನು ಕೆಲವು ಇಪಿಎಬಿಎಕ್ಸ್ ತೆಗೆದುಕೊಳ್ಳುವುದಿಲ್ಲ. ಏನೂ ಕೇಳಿಸದಿದ್ದರೆ, ಬರೀ ಗುಂಯ್ ಅಥವಾ ಟಿಕ್ ಟಿಕ್ ಅಂತಿದ್ದರೆ ಮೋಡೆಮ್ ಹಾಕಲೇಬೇಡಿ.

ಮಲ್ಟಿಮೀಟರ್ ಇಟ್ಟು 48 ವೋಲ್ಟ್ ಸಿಕ್ಕಿತು, ಹಾಗಾಗಿ ಅನಲಾಗ್ ಅಂತ ತೀರ್ಮಾನಿಸಬೇಡಿ. ಎಕ್ಸ್‌ಚೇಂಜ್‌ನಿಂದ ಬರುವ ನೇರ ಲೈನ್‌ನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುವುದು ನಿಜ, ಆದರೆ ಕೆಲವು ಡಿಜಿಟಲ್ ಪೋರ್ಟ್‌ಗಳಲ್ಲೂ ಅಷ್ಟೇ ತೋರಿಸಬಹುದು. ಇನ್ನೊಂದು ಮಾತು: ರಿಂಗ್ ಬರುವಾಗ ಲೈನ್‌ನಲ್ಲಿ ಅದಕ್ಕಿಂತ ಜಾಸ್ತಿ ಎಸಿ ಓಡುತ್ತದೆ. ಬರಿಗೈಯಲ್ಲಿ ತಂತಿ ಹಿಡಿದಿದ್ದರೆ ಜೋರಾಗಿ ಹೊಡೆಯುತ್ತದೆ.

ಆಫೀಸ್‌ನಲ್ಲಿ ಎಲ್ಲಾ ಡಿಜಿಟಲ್ ಫೋನೇ ಇದೆ. ಏನು ಮಾಡಲಿ?

ಫ್ಯಾಕ್ಸ್ ಮಷಿನ್ ಎಲ್ಲಿದೆ ಹುಡುಕಿ. ಫ್ಯಾಕ್ಸ್ ಒಳಗಿರುವುದೂ ಒಂದು ಮೋಡೆಮ್ಮೇ. ಅದಕ್ಕೂ ಅನಲಾಗ್ ಲೈನೇ ಬೇಕು. ಎಷ್ಟೋ ಆಫೀಸ್‌ಗಳಲ್ಲಿ ಫ್ಯಾಕ್ಸ್‌ಗೆ ಇಪಿಎಬಿಎಕ್ಸ್ ಮುಟ್ಟದ ನೇರ ಲೈನ್ ಕೊಟ್ಟಿರುತ್ತಾರೆ. ಲ್ಯಾಪ್‌ಟಾಪ್‌ಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಫ್ಯಾಕ್ಸ್ ಹಿಂದೆ 'ಲೈನ್' ಮತ್ತು 'ಟೆಲ್' ಅಥವಾ 'ಎಕ್ಸ್‌ಟಿ' ಅಂತ ಎರಡು ಸಾಕೆಟ್ ಇರುತ್ತವೆ. 'ಲೈನ್'ಗೆ ಬಂದ ವೈರ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿ. ಕೆಲಸ ಮುಗಿದ ಮೇಲೆ ಮರೆಯದೆ ವಾಪಸ್ ಹಾಕಿ. ಆ ಹೊತ್ತಿನಲ್ಲಿ ಬರುವ ಫ್ಯಾಕ್ಸ್ ತಪ್ಪಿಹೋಗುತ್ತದೆ, ಹಾಗಾಗಿ ಅದನ್ನು ನೋಡಿಕೊಳ್ಳುವವರಿಗೆ ಒಂದು ಮಾತು ಹೇಳಿಯೇ ಮಾಡಿ.

ಫ್ಯಾಕ್ಸೂ ಇಲ್ಲ ಅಂದರೆ ಇಪಿಎಬಿಎಕ್ಸ್ ನೋಡಿಕೊಳ್ಳುವವರ ಹತ್ತಿರ 'ಒಂದು ಎಸ್‌ಎಲ್‌ಟಿ ಎಕ್ಸ್‌ಟೆನ್ಷನ್ ಕೊಡಿ' ಅಂತ ಕೇಳಿ. ಇದೇ ಮಾತಿನಲ್ಲಿ ಕೇಳಿದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಎರಡು ಸಾಕೆಟ್ ಇವೆ. ಯಾವುದಕ್ಕೆ ಹಾಕಬೇಕು?

ಸಣ್ಣದಕ್ಕೆ, ಅಂದರೆ ಆರ್‌ಜೆ-11ಗೆ. ಅಗಲ ಇರುವುದು ಆರ್‌ಜೆ-45, ನೆಟ್‌ವರ್ಕ್ ಕೇಬಲ್‌ಗೆ. ಫೋನ್ ಪಿನ್ ಅಗಲ ಸಾಕೆಟ್‌ನಲ್ಲೂ ಹೋಗಿ ಕೂರುತ್ತದೆ, ಎಡವಟ್ಟಾಗುವುದು ಅಲ್ಲೇ. ಡಯಲ್ ಟೋನ್ ಸಿಗುವುದಿಲ್ಲ, ಮೇಲಾಗಿ ಸಾಕೆಟ್‌ನ ಅಂಚಿನ ಪಿನ್‌ಗಳು ಬಾಗಬಹುದು.

ಗೋಡೆಯಲ್ಲೂ ಅಗಲ ಸಾಕೆಟ್ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಹೊಸ ಕಟ್ಟಡಗಳಲ್ಲಿ ಫೋನ್‌ಗೂ ನೆಟ್‌ವರ್ಕ್‌ಗೂ ಒಂದೇ ಥರದ ಸಾಕೆಟ್ ಹಾಕಿರುತ್ತಾರೆ. ಯಾವುದು ಎಲ್ಲಿಗೆ ಹೋಗಿದೆ ಅಂತ ಗೊತ್ತಾಗುವುದು ಎಲ್ಲಾ ವೈರ್ ಬಂದು ಸೇರುವ ಸರ್ವರ್ ರೂಮಿನ ಪ್ಯಾಚ್ ಪ್ಯಾನೆಲ್‌ನಲ್ಲಿ ಮಾತ್ರ. ಸಾಕೆಟ್ ಮೇಲಿನ ನಂಬರ್ ಬರೆದುಕೊಂಡು ಹೋಗಿ ಕೇಳಿ.

ವೈರ್ ಸರಿ ಇದೆಯಾ ಅಂತ ಹೇಗೆ ನೋಡುವುದು?

ಅದೇ ವೈರನ್ನು ಸಾದಾ ಫೋನ್‌ಗೆ ಹಾಕಿ ಮಾತಾಡಿ ನೋಡಿ. ಆರ್‌ಜೆ-11ರಲ್ಲಿ ಕೆಲಸ ಮಾಡುವುದು ನಡುವಿನ ಎರಡು ತಂತಿ ಮಾತ್ರ. ಅವು ಅದಲು ಬದಲಾದರೂ ಮೋಡೆಮ್‌ಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಪಿನ್‌ನ ಲಾಕ್ ಕಡ್ಡಿ ಮುರಿದಿದ್ದರೆ ವೈರ್ ಬದಲಿಸಿಬಿಡಿ. ಅದು ಅರ್ಧ ಮಿಲಿಮೀಟರ್ ಹಿಂದೆ ಸರಿದರೂ ಲೈನ್ ಹೋಗುತ್ತದೆ.

ರಿಸೀವರ್ ಸುರುಳಿ ವೈರ್ ಹಾಕಬೇಡಿ. ಅದರ ಪಿನ್ ಇನ್ನೂ ಸಣ್ಣದು. ರೋಸೆಟ್ ಬಾಕ್ಸ್ (ಗೋಡೆಯ ಮೇಲಿನ ಫೋನ್ ಸಾಕೆಟ್ ಡಬ್ಬಿ) ಹಳೆಯದಾಗಿದ್ದರೆ ಮುಚ್ಚಳ ತೆಗೆದು ಸ್ಕ್ರೂ ಹತ್ತಿರ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಮಳೆಗಾಲದಲ್ಲಿ ನೆಂದ ಗೋಡೆಯಲ್ಲಿರುವ ರೋಸೆಟ್‌ನಲ್ಲಿ ಇದು ಮಾಮೂಲು. ಮಾತಾಡುವಾಗ ಸಣ್ಣ ಕರಕರ ಅನ್ನಿಸುವುದು ಮೋಡೆಮ್ ಪಾಲಿಗೆ ದೊಡ್ಡ ಗದ್ದಲ.

ಎರರ್ 680: ಡಯಲ್ ಟೋನ್ ಇಲ್ಲ. ಫೋನ್‌ನಲ್ಲಿ ಟೋನ್ ಚೆನ್ನಾಗಿ ಕೇಳಿಸುತ್ತಿದೆಯಲ್ಲ?

ಆಫೀಸ್ ಡಯಲ್-ಅಪ್‌ನ ದೊಡ್ಡ ಪ್ರಶ್ನೆ ಇದೇ.

ನಿಮ್ಮ ಕಿವಿಗೆ ಟೋನ್ ಅನ್ನಿಸುವುದು ಮೋಡೆಮ್‌ಗೆ ಟೋನ್ ಅನ್ನಿಸಬೇಕು ಅಂತೇನಿಲ್ಲ. ಎಲ್ಲಾ ದೇಶಗಳ ಡಯಲ್ ಟೋನ್ ಒಂದೇ ಅಲ್ಲ. ಅಮೆರಿಕದ್ದು 350 ಮತ್ತು 440 ಹರ್ಟ್ಸ್ ಸೇರಿದ ಸದ್ದು. ನಮ್ಮ ದೇಶದ್ದು 25 ಹರ್ಟ್ಸ್‌ನಲ್ಲಿ ಏರಿಳಿಯುವ 400 ಹರ್ಟ್ಸ್ ಸದ್ದು. ಇಪಿಎಬಿಎಕ್ಸ್ ಒಳಗಿನ ಟೋನ್ ಇವೆರಡೂ ಅಲ್ಲದೆ ಅದರದ್ದೇ ಆಗಿರಬಹುದು. ಕೆಲವು ಕಡೆ ತಡೆತಡೆದು ಬರುವ ಟೋನ್ ಇರುತ್ತದೆ. ಆ ಎಕ್ಸ್‌ಟೆನ್ಷನ್‌ಗೆ ವಾಯ್ಸ್ ಮೇಲ್ ಬಂದಿದ್ದರೆ, ಕಾಲ್ ಫಾರ್ವರ್ಡ್ ಹಾಕಿದ್ದರೆ ಟೋನ್ ಬದಲಾಗುವುದೂ ಉಂಟು. ಮೋಡೆಮ್ ತನಗೆ ಗೊತ್ತಿರುವ ಟೋನ್ ಬರಲಿ ಅಂತ ಕಾಯುತ್ತದೆ, ಬರಲಿಲ್ಲ ಅಂತ ಲೈನ್ ಇಟ್ಟುಬಿಡುತ್ತದೆ.

ಅದಕ್ಕೆ ಮದ್ದು, ಕಾಯಬೇಡ ಅಂತ ಮೋಡೆಮ್‌ಗೆ ಹೇಳುವುದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಫೋನ್ ಅಂಡ್ ಮೋಡೆಮ್ ಆಪ್ಷನ್ಸ್' ತೆಗೆಯಿರಿ. 'ಮೋಡೆಮ್ಸ್' ಟ್ಯಾಬ್, ನಿಮ್ಮ ಮೋಡೆಮ್, ಅದರ 'ಪ್ರಾಪರ್ಟೀಸ್'. ಅಲ್ಲಿ 'ಮೋಡೆಮ್' ಟ್ಯಾಬ್‌ನಲ್ಲಿ 'ವೇಟ್ ಫಾರ್ ಡಯಲ್ ಟೋನ್ ಬಿಫೋರ್ ಡಯಲಿಂಗ್' ಅಂತಿದೆ. ಅದರ ಟಿಕ್ ತೆಗೆಯಿರಿ. ಹೆಚ್ಚಿನವರಿಗೆ ಇಷ್ಟಕ್ಕೇ ಕನೆಕ್ಟ್ ಆಗಿಬಿಡುತ್ತದೆ.

ಆ ಟಿಕ್ ಮಸುಕಾಗಿದ್ದು ತೆಗೆಯಲು ಬರದಿದ್ದರೆ, ಅದೇ ಪ್ರಾಪರ್ಟೀಸ್‌ನ 'ಅಡ್ವಾನ್ಸ್ಡ್' ಟ್ಯಾಬ್‌ಗೆ ಹೋಗಿ. 'ಎಕ್ಸ್‌ಟ್ರಾ ಇನಿಷಿಯಲೈಸೇಷನ್ ಕಮಾಂಡ್ಸ್' ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎ, ಟಿ, ಎಕ್ಸ್, ಕೊನೆಗೆ 3 ಅಂಕಿ, ಎಲ್ಲಾ ಒಟ್ಟಿಗೆ ಟೈಪ್ ಮಾಡಿ. ಎಕ್ಸ್3 ಅಂದರೆ ಟೋನ್‌ಗೆ ಕಾಯದೆ ಡಯಲ್ ಮಾಡು, ಎಂಗೇಜ್ ಟೋನ್ ಮಾತ್ರ ಗಮನಿಸು ಅಂತ.

ಇದನ್ನು ಮಾಡುವ ಮೊದಲು ಟೋನ್ ನಿಜವಾಗಿ ಇದೆಯಾ ಅಂತ ಫೋನ್‌ನಲ್ಲಿ ಕೇಳಿಯೇ ಮಾಡಿ. ಇಲ್ಲದಿದ್ದರೆ ಸತ್ತ ಲೈನ್‌ನಲ್ಲೂ ಮೋಡೆಮ್ ಸುಮ್ನೆ ಡಯಲ್ ಮಾಡುತ್ತಾ ಕೂರುತ್ತದೆ. ನೀವು ಬೇರೆ ಎರರ್ ಹುಡುಕುತ್ತಾ ಕೂರುತ್ತೀರಿ.

ಹೊರಗಿನ ಲೈನ್‌ಗೆ 0 ಒತ್ತಬೇಕು. ಅದನ್ನು ಎಲ್ಲಿ ಹಾಕಬೇಕು?

ನಂಬರ್ ಮುಂದೆ ಸೇರಿಸಬಹುದು. ಆದರೆ ಮನೆಗೆ ಹೋದಾಗ ಮತ್ತೆ ತೆಗೆಯಬೇಕು. ಅದಕ್ಕಿಂತ 'ಡಯಲಿಂಗ್ ರೂಲ್ಸ್' ಟ್ಯಾಬ್‌ನಲ್ಲಿ 'ಆಫೀಸ್' ಅಂತ ಒಂದು ಹೊಸ ಲೊಕೇಶನ್ ಮಾಡಿಕೊಳ್ಳಿ. ದೇಶ ಇಂಡಿಯಾ ಅಂತ ಇರಲಿ. ಹೊರಗಿನ ಲೈನ್‌ಗೆ ಏನು ಒತ್ತಬೇಕು ಅಂತ ಕೇಳುವ ಜಾಗದಲ್ಲಿ 0 ಹಾಕಿ, ಪಕ್ಕದಲ್ಲಿ ಒಂದು ಅಲ್ಪವಿರಾಮ ಹಾಕಿ. ಕೆಲವು ಆಫೀಸ್‌ಗಳಲ್ಲಿ 0 ಬದಲು 9 ಇರುತ್ತದೆ.

ಆ ಅಲ್ಪವಿರಾಮಕ್ಕೆ ದೊಡ್ಡ ಕೆಲಸ ಇದೆ. 0 ಒತ್ತಿದ ಮೇಲೆ ಇಪಿಎಬಿಎಕ್ಸ್ ಒಂದು ಖಾಲಿ ಟ್ರಂಕ್ ಲೈನ್ (ಹೊರಗಿನ ಎಕ್ಸ್‌ಚೇಂಜ್‌ಗೆ ಹೋಗುವ ಲೈನ್) ಹಿಡಿದು ಕೊಡಲು ಸ್ವಲ್ಪ ಹೊತ್ತು ಬೇಕು. ನಾವು ಕೈಯಲ್ಲಿ ಡಯಲ್ ಮಾಡುವಾಗ ತಾನಾಗಿ ಕಾಯುತ್ತೇವೆ. ಮೋಡೆಮ್ ಕಾಯುವುದಿಲ್ಲ. ಅದು ಅಂಕಿಗಳನ್ನು ಒಂದೇ ಉಸಿರಿಗೆ ಒತ್ತಿಬಿಡುತ್ತದೆ. ಮೊದಲ ಒಂದೆರಡು ಅಂಕಿ ಎಲ್ಲೂ ಮುಟ್ಟುವುದಿಲ್ಲ, ರಾಂಗ್ ನಂಬರ್ ಆಗುತ್ತದೆ. ಒಂದು ಅಲ್ಪವಿರಾಮ ಅಂದರೆ ಸಾಮಾನ್ಯವಾಗಿ 2 ಸೆಕೆಂಡ್ ತಡೆ. ಸಾಲದಿದ್ದರೆ ಎರಡು ಹಾಕಿ.

ಆಮೇಲೆ ನಿಮ್ಮ ಡಯಲ್-ಅಪ್ ಐಕಾನ್‌ನ ಪ್ರಾಪರ್ಟೀಸ್‌ನಲ್ಲಿ 'ಯೂಸ್ ಡಯಲಿಂಗ್ ರೂಲ್ಸ್' ಟಿಕ್ ಮಾಡುವುದನ್ನು ಮರೆಯಬೇಡಿ. ಇದೊಂದು ಬಿಟ್ಟರೆ ಮೇಲಿನ ಕೆಲಸವೆಲ್ಲ ದಂಡ.

ಟೋನ್ ಇರಬೇಕೋ ಪಲ್ಸ್ ಇರಬೇಕೋ?

ಟೋನ್. ಪಲ್ಸ್ ಬೇಕಿದ್ದದ್ದು ಹಳೆ ಮೆಕ್ಯಾನಿಕಲ್ ಎಕ್ಸ್‌ಚೇಂಜ್‌ಗಳಿಗೆ. ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ನಮ್ಮ ಕಿತ್ತೂರಿನಲ್ಲೇ ಶುರುವಾಯಿತು. ಅಲ್ಲಿಂದಾಚೆಗೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್‌ಗಳು ಸಣ್ಣ ಊರುಗಳಿಗೂ ಬಂದವು. ಡಯಲ್ ಮಾಡುವಾಗ ಸ್ಪೀಕರ್‌ನಲ್ಲಿ ಟಕಟಕ ಅಂತ ಕೇಳಿಸಿದರೆ ನಿಮ್ಮದು ಪಲ್ಸ್‌ನಲ್ಲಿದೆ. ಡಯಲಿಂಗ್ ರೂಲ್ಸ್‌ನಲ್ಲಿ ಟೋನ್ ಮಾಡಿ.

0 ಒತ್ತಿದರೆ ಎಂಗೇಜ್ ಟೋನ್ ಬರುತ್ತದೆ. ಎರರ್ 676.

676 ಅಂದರೆ ಲೈನ್ ಬಿಜಿ. ಯಾವ ಲೈನ್ ಬಿಜಿ ಅನ್ನುವುದನ್ನು ನೋಡಬೇಕು. 0 ಒತ್ತಿದ ಕೂಡಲೇ ಎಂಗೇಜ್ ಬಂದರೆ ಆಫೀಸಿನ ಟ್ರಂಕ್ ಲೈನ್ ಖಾಲಿ ಇಲ್ಲ, ಇಲ್ಲವೇ ನಿಮ್ಮ ಎಕ್ಸ್‌ಟೆನ್ಷನ್‌ಗೆ ಹೊರಗಿನ ಕರೆ ಬಂದ್ ಮಾಡಿದ್ದಾರೆ. ಪೂರ್ತಿ ನಂಬರ್ ಹೋದ ಮೇಲೆ ಬಂದರೆ ಆಚೆ ಕಡೆ ಬಿಜಿ.

ಬಂದ್ ಮಾಡಿರುವುದು ಬಹಳ ಕಡೆ ಇದೆ. ಕೆಲವು ಎಕ್ಸ್‌ಟೆನ್ಷನ್‌ಗೆ ಲೋಕಲ್ ಮಾತ್ರ, ಕೆಲವಕ್ಕೆ ಎಸ್‌ಟಿಡಿ ಕೂಡ, ಕೆಲವಕ್ಕೆ ಪಾಸ್‌ವರ್ಡ್ ಒತ್ತಿದರೆ ಮಾತ್ರ. ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಟರ್ನೆಟ್ ಕಂಪನಿಗಳ ಡಯಲ್-ಅಪ್ ನಂಬರ್‌ಗಳು ನಮ್ಮಲ್ಲಿ 172ರಿಂದ ಶುರುವಾಗುತ್ತಿದ್ದವು. ಎಸ್‌ಟಿಡಿ, ವಿಶೇಷ ಸೇವೆಗಳನ್ನು ತಡೆಯುವಾಗ 1ರಿಂದ ಶುರುವಾಗುವ ಎಲ್ಲಾ ನಂಬರನ್ನೂ ಸೇರಿಸಿ ಬಂದ್ ಮಾಡಿದ ಇಪಿಎಬಿಎಕ್ಸ್‌ನಲ್ಲಿ ಲೋಕಲ್ ಕರೆ ಹೋಗುತ್ತದೆ, ಇಂಟರ್ನೆಟ್ ಮಾತ್ರ ಹೋಗುವುದಿಲ್ಲ. ಇದನ್ನು ಲ್ಯಾಪ್‌ಟಾಪ್‌ನಿಂದ ಸರಿ ಮಾಡಲು ಆಗಲ್ಲ.

ಡಯಲ್ ಆಗುತ್ತದೆ, ಆಮೇಲೆ ಎರರ್ 678. ಉತ್ತರ ಬರುತ್ತಿಲ್ಲ.

ಮೋಡೆಮ್ ಸ್ಪೀಕರ್ ಆನ್ ಮಾಡಿ ಕಿವಿಗೊಡಿ. ಪ್ರಾಪರ್ಟೀಸ್‌ನಲ್ಲೇ ಸ್ಪೀಕರ್ ವಾಲ್ಯೂಮ್ ಇದೆ. ಸುಮಾರು ತೊಂದರೆಗಳನ್ನು ಸದ್ದಿನಿಂದಲೇ ಹಿಡಿಯಬಹುದು.

ಮೊದಲು ಡಯಲ್ ಟೋನ್. ಆಮೇಲೆ 0ಯ ಒಂದು ಪೀಂ, ತಡೆ, ಉಳಿದ ಅಂಕಿಗಳು. ಆಮೇಲೆ ರಿಂಗ್. ಆಚೆ ಮೋಡೆಮ್ ಎತ್ತಿದ ಕೂಡಲೇ 2100 ಹರ್ಟ್ಸ್‌ನ ಉದ್ದನೆಯ ಶಿಳ್ಳೆ ಬರುತ್ತದೆ. ಅದು ಸುಮ್ನೆ ಬರುವುದಲ್ಲ. ದಾರಿಯಲ್ಲಿ ಮಾತಿನ ಪ್ರತಿಧ್ವನಿ ತೆಗೆಯುವ ಯಂತ್ರಗಳಿಗೆ 'ಇದು ಮೋಡೆಮ್ ಕರೆ, ನೀವು ಕೈ ಹಾಕಬೇಡಿ' ಅಂತ ತಿಳಿಸುವ ಸೂಚನೆ ಅದರಲ್ಲಿದೆ. ನಂತರ ಎರಡೂ ಕಡೆಯ ಕಿರುಚಾಟ: ಯಾವ ವೇಗ, ಯಾವ ವಿಧಾನ ಅಂತ ಎರಡು ಮೋಡೆಮ್‌ಗಳು ಒಪ್ಪಂದಕ್ಕೆ ಬರುತ್ತವೆ. ಕೊನೆಗೆ ಭುಸ್ಸನ್ನುವ ಸದ್ದು, ಆಮೇಲೆ ಮೌನ. ಕನೆಕ್ಟ್ ಆದ ಮೇಲೆ ಸ್ಪೀಕರ್ ತಾನೇ ನಿಲ್ಲುತ್ತದೆ.

ಶಿಳ್ಳೆಯೇ ಬರದೆ ಯಾರೋ 'ಹಲೋ' ಅಂದರೆ ರಾಂಗ್ ನಂಬರ್. ದಯವಿಟ್ಟು ಪದೇ ಪದೇ ಡಯಲ್ ಆಗಲು ಬಿಡಬೇಡಿ, ಆ ಮನೆಯವರಿಗೆ ತುಂಬಾ ಹಿಂಸೆ. ರೆಕಾರ್ಡ್ ಮಾಡಿದ ಧ್ವನಿ ಬಂದರೆ ಅದು ಹೇಳುವುದನ್ನು ಪೂರ್ತಿ ಕೇಳಿ. ಶಿಳ್ಳೆ ಬಂದು ಕಿರುಚಾಟ ಮುಗಿಯದೆ ಮತ್ತೆ ಮತ್ತೆ ಶುರುವಾದರೆ ಲೈನ್‌ನಲ್ಲಿ ಗದ್ದಲ ಇದೆ. ಆಗ ವೇಗ ಇಳಿಸಿ ನೋಡಬೇಕು.

ಎರರ್ 691, 633, 692, 734. ಇವು ಏನು?

691 ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು. ಕ್ಯಾಪ್ಸ್ ಲಾಕ್ ನೋಡಿ, ಅಕೌಂಟ್ ಅವಧಿ ಮುಗಿದಿದೆಯಾ ನೋಡಿ. ಒಂದು ಸಮಾಧಾನ: 691 ಬಂತು ಅಂದರೆ ವೈರ್, ಇಪಿಎಬಿಎಕ್ಸ್, ಮೋಡೆಮ್ ಎಲ್ಲಾ ಸರಿ ಇವೆ.

633 ಅಂದರೆ ಮೋಡೆಮನ್ನು ಬೇರೆ ಪ್ರೋಗ್ರಾಮ್ ಹಿಡಿದುಕೊಂಡಿದೆ. ಇಲ್ಲಿ ಕಳ್ಳ ಹೆಚ್ಚಾಗಿ ಫ್ಯಾಕ್ಸ್ ಸಾಫ್ಟ್‌ವೇರೇ. ಮುಚ್ಚಿ, ಇಲ್ಲವೇ ಮಷಿನ್ ರೀಸ್ಟಾರ್ಟ್ ಮಾಡಿ. 692 ಮೋಡೆಮ್ ಹಾರ್ಡ್‌ವೇರ್ ತೊಂದರೆ. 'ಡಯಾಗ್ನಾಸ್ಟಿಕ್ಸ್' ಟ್ಯಾಬ್‌ನಲ್ಲಿ 'ಕ್ವೆರಿ ಮೋಡೆಮ್' ಒತ್ತಿ. ಉತ್ತರಗಳ ಪಟ್ಟಿ ಬಂದರೆ ಮೋಡೆಮ್ ಚಿಪ್ ಜೀವಂತ ಇದೆ. ಆದರೆ ಫೋನ್ ಲೈನ್‌ಗೆ ಅಂಟುವ ಸರ್ಕ್ಯೂಟ್ ಸುಟ್ಟಿದ್ದರೂ ಈ ಪರೀಕ್ಷೆ ಪಾಸಾಗಬಹುದು ಅನ್ನುವುದು ನೆನಪಿರಲಿ.

734 ಕನೆಕ್ಟ್ ಆದ ಮೇಲೆ ಬರುವಂಥದ್ದು. ಐಕಾನ್ ಪ್ರಾಪರ್ಟೀಸ್‌ನ 'ನೆಟ್‌ವರ್ಕಿಂಗ್' ಟ್ಯಾಬ್, ಅಲ್ಲಿ 'ಸೆಟ್ಟಿಂಗ್ಸ್' ಒತ್ತಿ, ಮಲ್ಟಿ-ಲಿಂಕ್ ಟಿಕ್ ತೆಗೆದರೆ ಬಹಳ ಸಲ ಸರಿ ಹೋಗುತ್ತದೆ.

ಕನೆಕ್ಟ್ ಆಗುತ್ತದೆ, ಸ್ವಲ್ಪ ಹೊತ್ತಿಗೆ ಕಟ್ ಆಗುತ್ತದೆ. ಯಾಕೆ?

ಪ್ರತಿ ಸಲ ಎಷ್ಟು ಹೊತ್ತಿಗೆ ಕಟ್ ಆಗುತ್ತದೆ ಅಂತ ಗಡಿಯಾರ ನೋಡಿ ಬರೆದುಕೊಳ್ಳಿ.

ಪ್ರತಿ ಸಲ ಅಷ್ಟೇ ನಿಮಿಷಕ್ಕೆ ಕಟ್ ಆಗುತ್ತಿದ್ದರೆ ಯಾರೋ ಅಥವಾ ಯಾವುದೋ ಬೇಕೆಂದೇ ಕಟ್ ಮಾಡುತ್ತಿದೆ. ಟ್ರಂಕ್ ಕರೆ ಇಷ್ಟೇ ಹೊತ್ತು ಅಂತ ಮಿತಿ ಹಾಕುವ ಸೌಲಭ್ಯ ಹಲವು ಇಪಿಎಬಿಎಕ್ಸ್‌ಗಳಲ್ಲಿದೆ. ವಿಂಡೋಸ್‌ನಲ್ಲೂ ಸುಮ್ಮನಿದ್ದರೆ ಲೈನ್ ಇಡುವ ಸೆಟ್ಟಿಂಗ್ ಎರಡು ಕಡೆ ಇದೆ: ಐಕಾನ್‌ನ 'ಆಪ್ಷನ್ಸ್' ಟ್ಯಾಬ್‌ನಲ್ಲಿ ಒಂದು, ಮೋಡೆಮ್ ಪ್ರಾಪರ್ಟೀಸ್‌ನ 'ಚೇಂಜ್ ಡಿಫಾಲ್ಟ್ ಪ್ರಿಫರೆನ್ಸಸ್' ಒಳಗೆ ಇನ್ನೊಂದು. ಎರಡನ್ನೂ ನೋಡಿ.

ಯಾವಾಗೆಂದರೆ ಆವಾಗ ಕಟ್ ಆಗುತ್ತಿದ್ದರೆ ಲೈನ್ ಒಳಗೆ ಬೇರೆ ಸದ್ದು ನುಗ್ಗುತ್ತಿದೆ. ಕಾಲ್ ವೇಟಿಂಗ್ ಬೀಪ್ ಬಂದರೆ ಸಾಕು, ಮೋಡೆಮ್‌ಗೆ ಕ್ಷಣಕಾಲ ಎದುರಿನವರ ಸದ್ದು ತಪ್ಪಿಹೋಗುತ್ತದೆ. ಆಪರೇಟರ್ ನಿಮ್ಮ ಎಕ್ಸ್‌ಟೆನ್ಷನ್‌ಗೆ ಕರೆ ಕೊಟ್ಟು ಕಾಯಿಸಿದರೂ ಬೀಪ್ ಬರುತ್ತದೆ. ಅದೇ ಲೈನ್‌ಗೆ ಪ್ಯಾರಲಲ್ ಫೋನ್ ಇದ್ದು ಯಾರಾದರೂ ರಿಸೀವರ್ ಎತ್ತಿದರೆ ಕಥೆ ಮುಗಿಯಿತು. ಆ ಎಕ್ಸ್‌ಟೆನ್ಷನ್‌ಗೆ ಕಾಲ್ ವೇಟಿಂಗ್, ಬಾರ್ಜ್-ಇನ್ (ನಡೆಯುತ್ತಿರುವ ಕರೆಯೊಳಗೆ ಬೇರೆಯವರು ನುಗ್ಗುವ ಸೌಲಭ್ಯ) ಎರಡನ್ನೂ ತೆಗೆಸಿ. ಫ್ಯಾಕ್ಸ್ ಇರುವ ಎಕ್ಸ್‌ಟೆನ್ಷನ್‌ಗೆ ಹೇಗೆ ಮಾಡಿರುತ್ತಾರೋ ಹಾಗೇ ಮಾಡಿ ಅಂದರೆ ಸಾಕು.

ಬ್ಯಾಟರಿಯಲ್ಲಿ ನಿಲ್ಲುವ ಲೈನ್ ಚಾರ್ಜರ್ ಹಾಕಿದ ಕೂಡಲೇ ಬೀಳುತ್ತಿದೆಯಾ? ಪ್ಲಗ್ ಪಾಯಿಂಟ್‌ನ ಅರ್ಥಿಂಗ್ ಸರಿ ಇಲ್ಲದ ಕಡೆ ಚಾರ್ಜರ್ ಗುಂಯ್ ಸದ್ದು ಸೇರಿಸುವುದುಂಟು. ಬೇರೆ ಪಾಯಿಂಟ್‌ಗೆ ಹಾಕಿ ನೋಡಿ.

56 ಕೆ ಮೋಡೆಮ್ ಅಂತ ಇದೆ. ಆಫೀಸಲ್ಲಿ 26,400, 28,800 ಅಷ್ಟೇ ಬರುತ್ತದೆ. ಮೋಡೆಮ್ ಹಾಳಾಗಿದೆಯಾ?

ಇಲ್ಲ. ಮೋಡೆಮ್ ಚೆನ್ನಾಗಿದೆ.

56 ಕೆ, ಅಂದರೆ ವಿ.90 ವಿಧಾನ, ಒಂದು ಷರತ್ತಿನ ಮೇಲೆ ನಿಂತಿದೆ. ಇಂಟರ್ನೆಟ್ ಕಂಪನಿಯಿಂದ ನಿಮ್ಮ ತನಕ ಬರುವ ದಾರಿಯಲ್ಲಿ ಡಿಜಿಟಲ್‌ನಿಂದ ಅನಲಾಗ್‌ಗೆ ಒಂದೇ ಒಂದು ಸಲ ಬದಲಾಗಬೇಕು, ಅದೂ ನಿಮ್ಮ ಎಕ್ಸ್‌ಚೇಂಜ್‌ನಲ್ಲಿ. ಎಕ್ಸ್‌ಚೇಂಜ್ ಸದ್ದನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ ಕಳಿಸುತ್ತದೆ. ಒಟ್ಟು 64,000 ಬಿಟ್. ಆ ಅಳತೆಗಳನ್ನು ನೇರವಾಗಿ ಓದಿಕೊಳ್ಳುವುದರಿಂದಲೇ ವಿ.90ಗೆ ಅಷ್ಟು ವೇಗ ಸಾಧ್ಯ.

ಆಫೀಸ್‌ನಲ್ಲಿ ಏನಾಗುತ್ತದೆ? ಎಕ್ಸ್‌ಚೇಂಜ್‌ನಿಂದ ಅನಲಾಗ್ ಆಗಿ ಬಂದದ್ದನ್ನು ಡಿಜಿಟಲ್ ಇಪಿಎಬಿಎಕ್ಸ್ ಮತ್ತೆ ಡಿಜಿಟಲ್ ಮಾಡಿ, ನಿಮ್ಮ ಎಕ್ಸ್‌ಟೆನ್ಷನ್‌ಗೆ ಮತ್ತೆ ಅನಲಾಗ್ ಮಾಡಿ ಕೊಡುತ್ತದೆ. ಮೊದಲಿನ ಅಳತೆ ಉಳಿಯುವುದಿಲ್ಲ. ಮೋಡೆಮ್ ಅದನ್ನು ಗುರುತಿಸಿ ವಿ.34ಕ್ಕೆ ಇಳಿಯುತ್ತದೆ. ಅದರ ಗರಿಷ್ಠ ಸೆಕೆಂಡಿಗೆ 33,600 ಬಿಟ್. ಹಾಗಾಗಿ ಇಪಿಎಬಿಎಕ್ಸ್ ಹಿಂದೆ 28,800 ಅಂದರೆ ಒಳ್ಳೆ ಕನೆಕ್ಷನ್ನೇ. ಆ ವೇಗದಲ್ಲಿ 1 ಎಂಬಿ ಇಳಿಯಲು ಹತ್ತಿರ ಹತ್ತಿರ 5 ನಿಮಿಷ ಬೇಕು. ದೊಡ್ಡ ಫೈಲ್ ಇದ್ದರೆ ಫ್ಯಾಕ್ಸ್‌ನ ನೇರ ಲೈನ್‌ಗೆ ಹೋಗಿ.

ಗದ್ದಲದ ಲೈನ್ ಆದರೆ ನೀವೇ ವಿ.34ಕ್ಕೆ ಇಳಿಸಿ. ವಿ.90ಗೆ ಪ್ರಯತ್ನಿಸಿ ಸೋತು ಕಟ್ ಆಗುವುದಕ್ಕಿಂತ ನಿಧಾನಕ್ಕೆ ನಿಂತಿರುವುದು ಮೇಲು.

ನಮ್ಮಲ್ಲಿ ಐಪಿ ಫೋನ್ ಇದೆ. ಫೈಬರ್ ಡಬ್ಬದ ಫೋನ್ ಪೋರ್ಟ್‌ಗೆ ಹಾಕಬಹುದಾ?

ಐಪಿ ಫೋನ್‌ನ ಸಾಕೆಟ್ ನೆಟ್‌ವರ್ಕ್ ಸಾಕೆಟ್. ಅಲ್ಲಿ ಮೋಡೆಮ್‌ಗೆ ಕೆಲಸವಿಲ್ಲ.

ಫೈಬರ್ ಡಬ್ಬದ ಫೋನ್ ಪೋರ್ಟ್ ಅನಲಾಗೇ, ಹಾಕಿದರೆ ಏನೂ ಸುಡುವುದಿಲ್ಲ. ಟೋನೂ ಬರುತ್ತದೆ. ಆದರೆ ಒಳಗೆ ಸದ್ದು ತುಂಡು ತುಂಡು ಪ್ಯಾಕೆಟ್ ಆಗಿ ಹೋಗುತ್ತದೆ. ಒಂದು ಪ್ಯಾಕೆಟ್ ತಡವಾದರೆ ನಮ್ಮ ಕಿವಿಗೆ ಗೊತ್ತಾಗಲ್ಲ, ಮೋಡೆಮ್‌ಗೆ ಗೊತ್ತಾಗುತ್ತದೆ. ಜಿ.711 ಕೋಡೆಕ್ (ಸದ್ದನ್ನು ಡೇಟಾ ಮಾಡುವ ವಿಧಾನ) ಇದ್ದರೆ ಕಡಿಮೆ ವೇಗದಲ್ಲಿ ನಿಲ್ಲಬಹುದು. ಜಿ.729ರಂತೆ ಮಾತನ್ನು ಹಿಂಡಿ ಕಳಿಸುವ ಕೋಡೆಕ್ ಇದ್ದರೆ ಆಸೆ ಬಿಡಿ.

ಅದೇ ಲೈನ್‌ನಲ್ಲಿ ಬ್ರಾಡ್‌ಬ್ಯಾಂಡ್ ಇದೆ.

ತಾಮ್ರದ ಲೈನ್ ಬ್ರಾಡ್‌ಬ್ಯಾಂಡ್ ಆದರೆ ಸ್ಪ್ಲಿಟ್ಟರ್‌ನ (ಫೋನ್, ಬ್ರಾಡ್‌ಬ್ಯಾಂಡ್ ಎರಡನ್ನೂ ಬೇರೆ ಮಾಡುವ ಡಬ್ಬಿಯ) 'ಫೋನ್' ಕಡೆಗೆ ಮೋಡೆಮ್ ಹಾಕಿ. ನೇರವಾಗಿ ಹಾಕಿದರೆ ಎರಡೂ ಹಾಳು.

ಹೊಸ ಲ್ಯಾಪ್‌ಟಾಪ್‌ನಲ್ಲಿ ಮೋಡೆಮ್ಮೇ ಇಲ್ಲ. ಯುಎಸ್‌ಬಿ ಮೋಡೆಮ್ ಆಗುತ್ತದೆಯಾ?

ಆಗುತ್ತದೆ. ಕೊಳ್ಳುವಾಗ ಅದು ಪೂರ್ತಿ ಹಾರ್ಡ್‌ವೇರ್ ಮೋಡೆಮ್ಮಾ, ಇಲ್ಲ ಅರ್ಧ ಕೆಲಸ ಸಾಫ್ಟ್‌ವೇರ್ ಮಾಡುವ ವಿನ್‌ಮೋಡೆಮ್ಮಾ ಅಂತ ಕೇಳಿ. ಹಳೆ ಲ್ಯಾಪ್‌ಟಾಪ್‌ಗಳ ಒಳಗಿದ್ದವು ಬಹುತೇಕ ವಿನ್‌ಮೋಡೆಮ್. ಅವಕ್ಕೆ ಸರಿಯಾದ ವಿಂಡೋಸ್ ಡ್ರೈವರ್ ಬೇಕೇ ಬೇಕು, ಲಿನಕ್ಸ್‌ನಲ್ಲಿ ಓಡಿಸುವುದು ದೊಡ್ಡ ಸಾಹಸ. ಹಾರ್ಡ್‌ವೇರ್ ಮೋಡೆಮ್‌ಗೆ ಆ ಗೋಳಿಲ್ಲ.

ಗುಡುಗು ಸಿಡಿಲು ಇದ್ದಾಗ?

ಫೋನ್ ವೈರ್ ಕಿತ್ತಿಡಿ. ಬರೀ ಲ್ಯಾಪ್‌ಟಾಪ್ ಆಫ್ ಮಾಡಿದರೆ ಸಾಲದು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬರುವ ಸಿಡಿಲಿಗೆ ಸತ್ತ ಮೋಡೆಮ್‌ಗಳಿಗೆ ಲೆಕ್ಕವಿಲ್ಲ. ಮಲೆನಾಡು, ಕರಾವಳಿಯಲ್ಲಿ ಕಂಬದ ಮೇಲೆ ದೂರದಿಂದ ಬರುವ ಲೈನ್ ಆದರೆ ಇನ್ನೂ ಅಪಾಯ.

ಆಫೀಸ್ ನೆಟ್‌ವರ್ಕ್ ಕೇಬಲ್ ಹಾಕಿಕೊಂಡೇ ಡಯಲ್ ಮಾಡಬಹುದಾ?

ಮಾಡಬೇಡಿ. ಆಫೀಸ್ ನೆಟ್‌ವರ್ಕ್‌ಗೆ ಫೈರ್‌ವಾಲ್ ಕಾವಲಿದೆ. ನಿಮ್ಮ ಡಯಲ್-ಅಪ್ ಆ ಕಾವಲು ತಪ್ಪಿಸಿ ಹಿತ್ತಲ ಬಾಗಿಲು ತೆಗೆದ ಹಾಗೆ. ಅದರಲ್ಲೂ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರ ನಂತರ ಮಾಮೂಲಿ ಅಪ್‌ಡೇಟ್ ನಿಂತಿದೆ. ನೆಟ್‌ವರ್ಕ್ ಕೇಬಲ್ ತೆಗೆದು, ಸಿಸ್ಟಮ್ ನೋಡಿಕೊಳ್ಳುವವರ ಒಪ್ಪಿಗೆ ಪಡೆದು ಮಾಡಿ.

ಎಲ್ಲಾ ಮಾಡಿದೆ, ಆಗಲಿಲ್ಲ. ಯಾರನ್ನು ಕರೆಯಲಿ?

ಲ್ಯಾಪ್‌ಟಾಪನ್ನು ಬೇರೆ ಕಡೆ, ಮನೆಯಲ್ಲೋ ಅಂಗಡಿಯಲ್ಲೋ, ನೇರ ಲೈನ್‌ಗೆ ಹಾಕಿ ನೋಡಿ. ಅಲ್ಲೂ ಆಗದಿದ್ದರೆ ಮೋಡೆಮ್ ರಿಪೇರಿಯವರ ಹತ್ತಿರ ಹೋಗಿ. ಅಲ್ಲಿ ಆಗಿ, ಆಫೀಸಿನ ಫ್ಯಾಕ್ಸ್ ಲೈನ್‌ನಲ್ಲೂ ಆಗಿ, ನಿಮ್ಮ ಎಕ್ಸ್‌ಟೆನ್ಷನ್‌ನಲ್ಲಿ ಮಾತ್ರ ಆಗದಿದ್ದರೆ ಇಪಿಎಬಿಎಕ್ಸ್‌ನವರನ್ನು ಕರೆಯಿರಿ. ಆಫೀಸಿನ ನೇರ ಲೈನ್‌ನಲ್ಲೇ ಕರಕರ ಸದ್ದಿದ್ದರೆ ಲೈನ್‌ಮನ್ ಬರಬೇಕು. ಡಿಪಿ ಬಾಕ್ಸ್‌ನಿಂದ (ಹೊರಗಿನ ಫೋನ್ ತಂತಿಗಳು ಬಂದು ಸೇರುವ ಪೆಟ್ಟಿಗೆಯಿಂದ) ಆಚೆಗಿನದು ಅವರ ಕೆಲಸ.

ಯಾರನ್ನೇ ಕರೆದರೂ 'ಇಂಟರ್ನೆಟ್ ಬರ್ತಿಲ್ಲ' ಅಂತಷ್ಟೇ ಹೇಳಬೇಡಿ. ಎಕ್ಸ್‌ಟೆನ್ಷನ್ ನಂಬರ್, ಎರರ್ ನಂಬರ್, ಎಷ್ಟು ಹೊತ್ತಿಗೆ ಕಟ್ ಆಗುತ್ತದೆ, ಸಾದಾ ಫೋನ್ ಹಾಕಿದಾಗ ಏನು ಕೇಳಿಸಿತು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ. ಡಯಾಗ್ನಾಸ್ಟಿಕ್ಸ್ ಟ್ಯಾಬ್‌ನಲ್ಲಿ 'ವ್ಯೂ ಲಾಗ್' ಒತ್ತಿದರೆ ಮೋಡೆಮ್ ಪ್ರತಿ ಹೆಜ್ಜೆಯನ್ನೂ ಸಮಯದ ಸಮೇತ ಬರೆದಿಟ್ಟಿರುವುದು ಸಿಗುತ್ತದೆ. ಅದರ ಕೊನೆಯ ಪುಟವನ್ನು ಪ್ರಿಂಟ್ ತೆಗೆದು ಚೀಟಿಯ ಜೊತೆ ಲಗತ್ತಿಸಿ.